ಮೆಂಬರಮ್ಮನ ಮನೆಯ ದೀಪ

ಇಲಿ ಬಿದ್ದರೆ ಪ್ಲೇಗು, ಊರು ಬಿಡಬೇಕು ಎಂಬುದು ಚನ್ನಗಿರಿಯಲ್ಲಿ ಮೊಲೆ ಕುಡಿಯುವ ಕೂಸಿಗೂ ಗೊತ್ತಿತ್ತು. ಗೊತ್ತಿದ್ದರೇನು ಬಂತು, ಬಿಡುವವರು ಯಾರು? ನಲವತ್ತೆಂಟನೇ ಇಸವಿಯ ದೀಪಾವಳಿ ಹತ್ತಿರ ಬಂದಿತ್ತು. ಪೇಟೆ ಬೀದಿಯ ಅಟ್ಟಗಳಿಂದ ಇಲಿಗಳು ತಲೆ ತಿರುಗಿ ದಪದಪ ಬೀಳತೊಡಗಿದಾಗ ಜನ ಅವನ್ನು ಗುಟ್ಟಾಗಿ ಮೊರದಲ್ಲಿ ಎತ್ತಿ, ಹಿತ್ತಲಲ್ಲಿ ಹೂತು, ಕೈಕಾಲು ತೊಳೆದುಕೊಂಡು ಅಂಗಡಿ ತೆರೆದು ಕೂತರು. ಹಬ್ಬದ ವ್ಯಾಪಾರ ಬಿಟ್ಟು ಹೊಲದಲ್ಲಿ ಶೆಡ್ಡು ಹಾಕಿಕೊಂಡು ಕೂರು ಅಂದರೆ ಯಾವ ಸಾಹುಕಾರ ಕೇಳಿಯಾನು! "ನಮ್ಮ ಮನೇಲಿ ಏನೂ ಇಲ್ರಿ, ನಿಮ್ಮನೇಲಿ?" ಎಂದು ಒಬ್ಬರು ಕೇಳುವುದು, "ನಮ್ಮಲ್ಲೂ ಏನಿಲ್ರಿ" ಎಂದು ಇನ್ನೊಬ್ಬರು ಹೇಳುವುದು. ಇಬ್ಬರ ಹಿತ್ತಲಲ್ಲೂ ಹೊಸ ಮಣ್ಣು.

ಮುನಿಸಿಪಾಲ್ಟಿಯ ಸಭೆಯಲ್ಲಿ ಅಧ್ಯಕ್ಷ ತಿಪ್ಪೇರುದ್ರಸ್ವಾಮಿಗಳು ಎಲೆ ಅಡಿಕೆ ಜಗಿಯುತ್ತ, "ಹಬ್ಬ ಒಂದು ಕಳೀಲಿ, ಆಮೇಲೆ ನೋಡಾನ" ಎಂದರು. ಉಳಿದ ಮೆಂಬರುಗಳೆಲ್ಲ ತಲೆಯಾಡಿಸಿದರು. ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದ ಒಬ್ಬಳೇ ಹೆಣ್ಣು ಮೆಂಬರು ಉಚ್ಚಂಗೆಮ್ಮ ಮಾತ್ರ ಆಡಿಸಲಿಲ್ಲ.

"ಹಬ್ಬ ಕಳೆಯೋ ಹೊತ್ತಿಗೆ ಅರ್ಧ ಊರು ಕಳೆದಿರ್ತತೆ ಸ್ವಾಮೇರೆ" ಎಂದಳು.

"ಇದೆಲ್ಲ ಹೆಂಗಸರಿಗೆ ತಿಳಿಯಾದಲ್ಲಮ್ಮ. ನಿಮ್ಮ ಸಮಾಜದ ಹೊಲಿಗೆ ಮಿಷಿನ್ನಿನ ವಿಷಯ ಮುಂದಿನ ಸಭೆಗೆ ಇಟ್ಕಂಡೀವಿ, ಬಿಡ್ರಿ."

ಉಚ್ಚಂಗೆಮ್ಮ ಎದ್ದಳು. ನೆಟ್ಟಗೆ ಮಹಿಳಾ ಸಮಾಜಕ್ಕೆ ಹೋದಳು. ಹೆಡ್‌ಮಾಸ್ತರರ ಹೆಂಡತಿ ನಿರ್ಮಲಮ್ಮನನ್ನೂ ಅವಳನ್ನೂ ಬಿಟ್ಟರೆ ಅಲ್ಲಿಗೆ ಬರುವವರೆಲ್ಲ ಆ ಸಾಹುಕಾರರ, ಆ ಮೆಂಬರುಗಳ ಮನೆಯ ಹೆಂಗಸರೇ. ಅವತ್ತು ರಿಂಗಿನ ಆಟವೂ ಇಲ್ಲ, ರಾಟೆಯೂ ಇಲ್ಲ. ಬಾಗಿಲು ಹಾಕಿ ಅವಳು ಕೇಳಿದ್ದು ಒಂದೇ ಮಾತು: "ನಿಜ ಹೇಳ್ರವ್ವ, ಯಾರ್‍ಯಾರ ಮನೇಲಿ ಇಲಿ ಬಿದ್ದಾವೆ?" ಮೊದಲು ಎಲ್ಲರೂ ನೆಲ ನೋಡಿದರು. ಆಮೇಲೆ ಒಂದು ಕೈ ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಗೆ ಎತ್ತದ ಕೈಯೇ ಉಳಿಯಲಿಲ್ಲ.

ಮಾರನೆಯ ದಿನ ಬೆಳಗ್ಗೆ ಆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಪಾತ್ರೆ ಪಡಗ ಹೊತ್ತುಕೊಂಡು ಕೋಟೆ ಗುಡ್ಡದ ಓರೆಯ ಹೊಲಕ್ಕೆ ನಡೆದರು. ರೊಟ್ಟಿ ತಟ್ಟುವವರೇ ಹೊರಟ ಮೇಲೆ ಗಂಡಸರು ಎಷ್ಟು ದಿನ ಜಂಬ ಮಾಡಿಯಾರು? ಸಂಜೆಗೆ ಅವರೂ ಗೊಣಗುತ್ತ ಹಿಂದೆ ಬಂದರು. ತಿಪ್ಪೇರುದ್ರಸ್ವಾಮಿಗಳು ಎಲ್ಲರಿಗಿಂತ ಮೊದಲು ಬಂದು, ಊರು ಬಿಡಿಸಿದ್ದು ತಾವೇ ಎಂದು ಹೇಳಿಕೊಂಡು ತಿರುಗಿದರು.

ಈ ಉಚ್ಚಂಗೆಮ್ಮ ಹುಟ್ಟಾ ಮೆಂಬರಮ್ಮ ಅಲ್ಲ. ಜಗಳೂರು ಸೀಮೆಯ ಒಕ್ಕಲು ಮನೆ ಹುಡುಗಿ. ಕಾಡು ಕಡಿದವರಿಗೆ ದರಖಾಸ್ತಿನಲ್ಲಿ ಜಮೀನು ಸಿಗುತ್ತದೆ ಎಂಬ ಸುದ್ದಿ ನಂಬಿ, ಮೂವತ್ತನೇ ಇಸವಿಯಲ್ಲಿ ಗಂಡ ರೇವಣ್ಣನ ಜೊತೆ ಗಾಡಿ ಹೂಡಿಕೊಂಡು ಉಬ್ರಾಣಿ ಕಡೆಯ ಕಾಡಿಗೆ ಬಂದಳು. ಬಿದಿರು ಮೆಳೆ ಕಡಿದರು, ಬೇರು ಕಿತ್ತರು, ಸುಟ್ಟರು, ರಾಗಿ ಚೆಲ್ಲಿದರು. ಪೈರು ಮೊಳಕಾಲೆತ್ತರ ಬಂದಾಗ ರೇವಣ್ಣ ಚಳಿಜ್ವರಕ್ಕೆ ಹೋದ. ಅವಳ ಹೊಟ್ಟೆಯಲ್ಲಿ ಮಗಳಿದ್ದಳು. "ತಿರುಗಿ ಬಾ ತಾಯಿ" ಎಂದು ತವರಿನವರು ಕರೆಯಲು ಬಂದರೆ, "ಬಿತ್ತಿದ್ದನ್ನ ಕೊಯ್ಯದೆ ಬರಾಕೆ ಆಗ್ತತಾ?" ಎಂದು ಅಲ್ಲೇ ನಿಂತಳು. ಅವಳು ನಿಂತಳೆಂದು ಇನ್ನು ನಾಲ್ಕು ಮನೆಯವರು ಬಂದರು, ಬಾವಿ ಆಯಿತು, ಕಾಡಿದ್ದ ಕಡೆ ಹಳ್ಳಿ ಆಯಿತು. ಮಗಳನ್ನು ಓದಿಸಬೇಕೆಂದು ಚನ್ನಗಿರಿಗೆ ಮನೆ ಮಾಡಿದಾಗ ಅವಳೂ ಮಗಳ ಜೊತೆ ನಿರ್ಮಲಮ್ಮನ ಹತ್ತಿರ ಅಕ್ಷರ ಕಲಿತಳು. ಇಬ್ಬರೂ ಸೇರಿ ಸಮಾಜ ಕಟ್ಟಿದರು. ಸರ್ಕಾರ ಮುನಿಸಿಪಾಲ್ಟಿಗೆ ಒಬ್ಬ ಹೆಣ್ಣುಮಗಳನ್ನು ನೇಮಿಸುತ್ತದೆ ಅಂದಾಗ, ದೊಡ್ಡ ಮನೆಯ ಯಾವ ಗಂಡಸೂ ತನ್ನ ಹೆಂಡತಿಯನ್ನು ಆ ಕುರ್ಚಿಗೆ ಕಳಿಸಲು ಒಪ್ಪಲಿಲ್ಲ. ಹಾಗಾಗಿ ಅದು ಇವಳಿಗೆ ಬಂತು. ಅಂದಿನಿಂದ ಊರಿಗೆಲ್ಲ ಮೆಂಬರಮ್ಮ.

ಮಗಳು ಚೌಡಮ್ಮ ಈಗ ತುಂಬಿದ ಬಸುರಿ. ನ್ಯಾಮತಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ತಾಯಿಯ ಜೊತೆ ಶೆಡ್ಡಿಗೆ ಬಂದಿದ್ದಳು.

ಶೆಡ್ಡಿನ ಊರಿಗೆ ಕಟ್ಟಳೆ ಮಾಡಿದವಳು ಉಚ್ಚಂಗೆಮ್ಮನೇ. ಯಾರೂ ಊರೊಳಕ್ಕೆ ಕಾಲಿಡಬಾರದು. ಇಟ್ಟವರು ಬೇರೆ ಶೆಡ್ಡಿನಲ್ಲಿ ಹತ್ತು ದಿನ ಇರಬೇಕು. ಆ ಬೇರೆ ಶೆಡ್ಡುಗಳು ಹೊಲದ ತುದಿಯಲ್ಲಿದ್ದವು. ಹೆಲ್ತ್ ಇನ್‌ಸ್ಪೆಕ್ಟರ್ ಚಿತ್ತಪ್ಪ ಅವುಗಳ ಸುತ್ತ ಸುಣ್ಣದಲ್ಲಿ ಗೆರೆ ಎಳೆಸಿದ್ದ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ, ಊಟವನ್ನು ಗೆರೆಯ ಮೇಲೆ ಇಟ್ಟು ಬರಬೇಕು. ಜವಳಿ ಅಂಗಡಿ ಜಯಪ್ಪ ಒಂದು ಸಂಜೆ ಅಂಗಡಿಯ ಬೀಗ ನೋಡಿಕೊಂಡು ಬರುತ್ತೇನೆಂದು ಕದ್ದು ಹೋದ. ಬರುವಾಗ ದಾರಿ ಕಾಯುತ್ತಿದ್ದ ಸಮಾಜದ ಹೆಂಗಸರ ಕೈಗೆ ಸಿಕ್ಕಿಬಿದ್ದ. ಕೂಗಾಡಿದ, ಹೊಡೆಯಲು ಬಂದ, ಕೊನೆಗೆ ಹೆಂಡತಿಯೇ "ಹೋಗಿ ಒಳಗೆ ಕೂಡ್ರಿ, ಮಕ್ಕಳ ಮ್ಯಾಲೆ ದಯೆ ಇಡ್ರಿ" ಎಂದಾಗ ಹಲ್ಲು ಕಡಿಯುತ್ತ ಗೆರೆಯ ಒಳಗೆ ಹೋದ.

ಅಮಾವಾಸ್ಯೆ ಬಂತು. ನಮ್ಮ ಕಡೆ ದೀಪಾವಳಿ ಎಂದರೆ ಹಿರೇರ ಹಬ್ಬ. ಸತ್ತುಹೋದ ಹಿರಿಯರು ಆ ಸಂಜೆ ಮನೆಗೆ ಬರುತ್ತಾರೆ. ನಡುಮನೆಯಲ್ಲಿ ದೀಪ ಹಚ್ಚಿ, ಹೊಸ ಬಟ್ಟೆ ಇಟ್ಟು, ಅವರಿಗೆ ಎಡೆ ಇಡಬೇಕು. ಮನೆ ಕತ್ತಲಿದ್ದರೆ ಹಿರೇರು ಹೊಸಿಲಲ್ಲಿ ನಿಂತು ನೋಡಿ, ಹಸಿದು ತಿರುಗಿ ಹೋಗುತ್ತಾರೆ. ಬೆಳಗ್ಗಿನಿಂದ ಹೆಂಗಸರಿಗೆ ಇದೇ ಸಂಕಟ.

"ನಮ್ಮ ಮಾವಾರಿಗೆ ಈ ಶೆಡ್ಡಿನ ದಾರಿ ಹೆಂಗೆ ಗೊತ್ತಾಗ್ತತೆ ಅಕ್ಕ? ಅವರು ಮನೇಗೇ ಬರ್ತಾರೆ" ಎಂದು ಜಯಪ್ಪನ ಹೆಂಡತಿ ಕಣ್ಣೊರೆಸಿಕೊಂಡಳು.

"ಮಕ್ಕಳು ಎಲ್ಲಿರ್ತಾರೋ ಹಿರೇರು ಅಲ್ಲಿಗೇ ಬರ್ತಾರೆ ಕಣವ್ವ. ಇಲ್ಲೇ ಇಡ್ರಿ ಎಡೆ" ಎಂದಳು ಉಚ್ಚಂಗೆಮ್ಮ. ಹೇಳುವಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು. ಒಳಗೆ ಮಾತ್ರ ಅಳುಕು. ಗಂಡ ಸತ್ತ ಮೇಲೆ ಒಂದು ವರ್ಷವೂ ಅವಳು ರೇವಣ್ಣನಿಗೆ ಎಡೆ ತಪ್ಪಿಸಿದವಳಲ್ಲ.

ಹೊತ್ತು ಮುಳುಗಿತು. ದಾರಿ ಕಾಯುವ ಹೆಂಗಸರೂ ಬಂದು ಶೆಡ್ಡು ಶೆಡ್ಡಿಗೂ ಹಣತೆ ಹಚ್ಚಿದರು. ಎದುರಿಗೆ, ಇಳಿಜಾರಿನಲ್ಲಿ, ಊರಿಗೆ ಊರೇ ಕಪ್ಪಗೆ ಮಲಗಿತ್ತು. ಅಷ್ಟರಲ್ಲಿ ಯಾರೋ "ಅಯ್ಯಯ್ಯೋ, ಅಲ್ನೋಡ್ರಿ!" ಎಂದು ಕಿರುಚಿದರು. ಎಲ್ಲರೂ ಎದ್ದು ನಿಂತರು. ಆ ಕತ್ತಲ ಊರಿನ ನಡುವೆ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು.

"ಹಿರೇರೇ ಹಚ್ಕಂಡ್ರಾ?" ಎಂದು ಒಬ್ಬಳು ಎದೆ ಮೇಲೆ ಕೈಯಿಟ್ಟುಕೊಂಡಳು.

"ಯಾರ ಮನೆ ಅದು? ಹುಣಸೇಮರದ ಬಲಕ್ಕೆ..."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರ ಕಣ್ಣೂ ಉಚ್ಚಂಗೆಮ್ಮನ ಕಡೆ ತಿರುಗಿದವು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತನ್ನ ಮನೆಯ ಕಿಟಕಿ ತನಗೆ ತಿಳಿಯದೇ? ಓಡಿಹೋಗಿ ಶೆಡ್ಡಿನೊಳಗೆ ನೋಡಿದಳು. ಚಾಪೆ ಖಾಲಿ. ಬೀಗದ ಕೈ ಇಟ್ಟಿದ್ದ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು.

ಸ್ವಲ್ಪ ಹೊತ್ತಿನಲ್ಲಿ ಚೌಡಮ್ಮ ಬಂದಳು. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಕೈಯಲ್ಲಿ ಖಾಲಿ ತಟ್ಟೆ. ಏದುಸಿರು ಬಿಡುತ್ತ ಗುಡ್ಡದ ಓರೆ ಹತ್ತಿ ಬಂದವಳು, ಅಷ್ಟು ಜನ ನಿಂತದ್ದನ್ನು ಕಂಡು ಗಕ್ಕನೆ ನಿಂತಳು.

"ಅಲ್ಲೇ ನಿಲ್ಲು" ಎಂದಳು ಉಚ್ಚಂಗೆಮ್ಮ.

"ಅವ್ವಾ, ಅಪ್ಪಗೆ ಎಡೆ ಇಟ್ಟು ಬಂದೆ. ಅಷ್ಟೇ. ಒಂದು ಗಳಿಗೆ. ನಾನು ಅಪ್ಪನ ಮುಖ ಒಂದಿನ ಕಂಡಾಕೆ ಅಲ್ಲ. ಬಂದೋನು ಕತ್ತಲಾಗೆ ನಿಂತು ಹೋಗಬಾರದು ಅಂತ..."

"ಮನೇಲಿ ಇಲಿ ಬಿದ್ದಿದ್ವಾ?"

ಚೌಡಮ್ಮ ತಲೆ ತಗ್ಗಿಸಿದಳು. "ನಡುಮನೇಲಿ ಎರಡು ಬಿದ್ದಿದ್ವು. ಕಾಲಿನಿಂದ ಸರಿಸಿ ಕೂತೆ."

ಹೊಟ್ಟೆಯಲ್ಲಿ ಕೂಸಿದೆಯೆಂದು ಅವಳಿಗೆ ಪ್ಲೇಗಿನ ಸೂಜಿಯನ್ನೂ ಹಾಕಿಸಿರಲಿಲ್ಲ.

ಗೆರೆಯ ಆಚೆಯಿಂದ ಜಯಪ್ಪನ ದನಿ ಬಂತು. ಹಬ್ಬದ ದಿನ ಒಬ್ಬನೇ ಕೂತವನ ಸಿಟ್ಟು ಕೇಳಬೇಕೇ! "ಏನಮ್ಮಾ ಮೆಂಬರಮ್ಮ, ಪುರಾಣ ಹೇಳಾಕೆ, ಬದನೇಕಾಯಿ ತಿನ್ನಾಕೆ ಅಂದಂಗಾತು! ನಮಗೊಂದು ನ್ಯಾಯ, ನಿಮ್ಮ ಮಗಳಿಗೊಂದು ನ್ಯಾಯನಾ? ಹೆತ್ತೋರಿಗೆ ಹೆಗ್ಗಣ ಮುದ್ದು, ಅಲ್ವಾ?"

"ನೀನು ಬಾಯ್ಮುಚ್ಚು ಜಯಪ್ಪ" ಎಂದು ಗದರಿದವರು ತಿಪ್ಪೇರುದ್ರಸ್ವಾಮಿಗಳು. ಆಮೇಲೆ ಉಚ್ಚಂಗೆಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು. "ತುಂಬಿದ ಬಸುರಿ ಅಮ್ಮ. ರೂಲ್ಸು ಮಾಡಿದೋರು ನಾವೇ, ಸಡಿಲ ಮಾಡೋರೂ ನಾವೇ. ಸ್ನಾನ ಮಾಡಿಸಿ ನಿಮ್ಮ ಶೆಡ್ಡಿಗೇ ಕರ್ಕಳ್ರಿ. ಯಾರೂ ಏನೂ ಅನ್ನಲ್ಲ."

ನಿರ್ಮಲಮ್ಮನೂ ಕೈ ಹಿಡಿದುಕೊಂಡಳು. "ಅಕ್ಕ, ಆ ಬೇರೆ ಶೆಡ್ಡಿನಲ್ಲಿ ಹೆರಿಗೆ ಆಗಿಬಿಟ್ಟರೆ ಯಾರು ನೋಡ್ತಾರೆ? ಬೇಡ ಅಕ್ಕ. ಇದೊಂದು ಸಲ."

ಜನರೆಲ್ಲ ಹೌದು ಹೌದೆಂದರು. ಅದು ಕರುಣೆಯೇ, ಸುಳ್ಳಲ್ಲ. ಆದರೆ ಉಚ್ಚಂಗೆಮ್ಮ ಅವರ ಮುಖ ನೋಡಲಿಲ್ಲ, ಕೈ ನೋಡಿದಳು. ಜಯಪ್ಪನ ಹೆಂಡತಿಯ ಸೆರಗಿನ ಕೆಳಗೆ ಎಡೆಯ ತಟ್ಟೆ. ಅವಳ ಪಕ್ಕದವಳ ಕೈಯಲ್ಲಿ ಎಣ್ಣೆ ಗಿಂಡಿ. ಇನ್ನೊಬ್ಬಳ ಸೊಂಟದಲ್ಲಿ ಬೀಗದ ಕೈ ಗೊಂಚಲು. ಎಲ್ಲ ಹೊರಟೇ ನಿಂತಿದ್ದಾರೆ. ಮೆಂಬರಮ್ಮನ ಮನೆಯಲ್ಲಿ ದೀಪ ಹಚ್ಚಬಹುದಾದರೆ ನಮ್ಮ ಮನೆಯಲ್ಲಿ ಯಾಕೆ ಬಾರದು ಎಂದು. ಈಗ ಇವಳನ್ನು ನಮ್ಮ ಶೆಡ್ಡಿಗೆ ಬಿಟ್ಟರೆ, ರಾತ್ರಿ ಕಳೆಯುವುದರೊಳಗೆ ಊರಿನ ಪ್ರತಿ ನಡುಮನೆಯಲ್ಲೂ ಒಬ್ಬ ಹೆಂಗಸು ಕೂತಿರುತ್ತಾಳೆ. ಅವರ ಹಿಂದೆ ಅವರ ಮಕ್ಕಳು.

ಅಯ್ಯೋ ದೇವರೇ, ನನ್ನ ಮಗಳೇ ಸಿಗಬೇಕಿತ್ತಾ ಎಂದುಕೊಂಡಳು. ಮಗಳ ಮೇಲೆ ಸಿಟ್ಟು, ಊರಿನ ಮೇಲೆ ಸಿಟ್ಟು, ಸತ್ತ ಗಂಡನ ಮೇಲೂ ಸಿಟ್ಟು.

"ಚೌಡೀ, ಗೆರೆಯೊಳಕ್ಕೆ ನಡಿ."

"ಅವ್ವಾ..."

"ನಡಿ. ನಾನೂ ಬರ್ತೀನಿ."

ಶೆಡ್ಡಿನಿಂದ ಒಂದು ಕಂಬಳಿ, ಒಂದು ಕೊಡ ತಂದು, ಸಮಾಜದ ಬೀಗದ ಕೈಯನ್ನು ನಿರ್ಮಲಮ್ಮನ ಕೈಗೆ ಹಾಕಿದಳು. "ಇನ್ನು ನೀನು ನೋಡ್ಕಳವ್ವ. ಯಾರನ್ನೂ ಬಿಡಬ್ಯಾಡ. ನಾನೇ ಬಂದು ಬಿಡು ಅಂದ್ರೂ ಬಿಡಬ್ಯಾಡ." ಹಾಗೆಂದು ಮಗಳ ಹಿಂದೆ ಸುಣ್ಣದ ಗೆರೆ ದಾಟಿದಳು. ಜಯಪ್ಪ ಎದ್ದು ನಿಂತಿದ್ದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಎಣ್ಣೆ ಗಿಂಡಿ ಹಿಡಿದಿದ್ದವಳು ಅದನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಆ ರಾತ್ರಿ ಊರಿಗೆ ಯಾರೂ ಹೋಗಲಿಲ್ಲ.

ಪಾಡ್ಯದ ಬೆಳಗ್ಗೆ ಅಳಿಯ ಓಂಕಾರಪ್ಪ ಬಂದ. ಹಬ್ಬಕ್ಕೆ ಅಳಿಯ ಬರಬೇಕಲ್ಲ, ಹೊನ್ನಾಳಿ ದಾಟಿಕೊಂಡು ಕಮಾನು ಗಾಡಿಯಲ್ಲಿ ಹೊಸ ಪಂಚೆ ಉಟ್ಟುಕೊಂಡು ಬಂದಿದ್ದ. ಸುದ್ದಿ ಕೇಳಿದವನೇ ಗಾಡಿಯನ್ನು ಗೆರೆಯ ಅಂಚಿಗೇ ತಂದು ನಿಲ್ಲಿಸಿದ. ಮೆತ್ತನೆಯ ಹುಡುಗ, ಅತ್ತೆಯ ಎದುರು ಎಂದೂ ತಲೆ ಎತ್ತಿ ಮಾತಾಡಿದವನಲ್ಲ. ಅವತ್ತು ಎತ್ತಿದ.

"ಅತ್ತೇ, ನನ್ನ ಹೇಂತೀನ ಕಳಿಸ್ರಿ. ನ್ಯಾಮತೀಲಿ ನಮ್ಮವ್ವ ನೋಡ್ಕಂತಾಳೆ. ಇಲ್ಲಿ ಈ ಹುಲ್ಲು ಗೂಡಿನಾಗೆ ಹೆರಿಗೆ ಮಾಡಿಸ್ತೀರಾ?"

"ಹತ್ತು ದಿನ ತಡೀರಿ ಓಂಕಾರಪ್ಪ."

"ಹತ್ತು ದಿನದಾಗೆ ಏನಾದ್ರೂ ಆದ್ರೆ?"

ಚೌಡಮ್ಮ ಒಳಗಿನಿಂದ ಎದ್ದು ಬಂದಿದ್ದಳು. ಗಂಡನನ್ನು ಕಂಡು ಅವಳಿಗೆ ಅಳು ತಡೆಯಲಿಲ್ಲ. ಮೂಕಿಯ ಮೇಲೆ ಕೈ ಊರಿ, ಒಂದು ಕಾಲನ್ನು ಗಾಡಿಯ ಮೇಲೆ ಎತ್ತಿಯೇ ಬಿಟ್ಟಳು. ಓಂಕಾರಪ್ಪ ಅವಳ ತೋಳಿಗೆ ಕೈ ಚಾಚಿದ. ಅದು ಅವಳನ್ನು ಮುಟ್ಟುವ ಮೊದಲೇ ಉಚ್ಚಂಗೆಮ್ಮ ನಡುವೆ ನುಗ್ಗಿ ಮಗಳ ಸೊಂಟ ತಬ್ಬಿ ಹಿಂದಕ್ಕೆ ಎಳೆದುಕೊಂಡಳು. ಎತ್ತುಗಳು ಬೆದರಿ ಗಾಡಿ ಜಗ್ಗಿದವು. ಸುತ್ತ ನಿಂತವರು ಹೋ ಎಂದರು.

"ಬಿಡವ್ವಾ! ನಾನು ಹೋಗ್ತೀನಿ! ನಿನಗೆ ಊರೇ ಹೆಚ್ಚಾತಾ, ನಾನು ಏನೂ ಅಲ್ವಾ?"

"ನಿಮಗೆ ಮೆಂಬರಗಿರಿ ದೊಡ್ಡದಾತು ಅತ್ತೇ" ಎಂದ ಓಂಕಾರಪ್ಪ. "ಜನ ಭೇಷ್ ಅನ್ನಲಿ ಅಂತ ಮಗಳನ್ನ ಬಲಿ ಕೊಡ್ತೀರಾ?"

ಆ ಮಾತು ಉಚ್ಚಂಗೆಮ್ಮನ ಎದೆಗೆ ನೇರ ಹೋಗಿ ಕೂತಿತು. ಹೌದೇನೋ ಎಂದು ಒಂದು ಕ್ಷಣ ಅವಳಿಗೇ ಅನ್ನಿಸಿತು. ಎಲ್ಲರೂ ನೋಡುತ್ತಿದ್ದಾರೆಂದು ತಾನು ಹೀಗೆ ನಿಂತಿದ್ದೇನೆಯೇ? ಯಾರೂ ಇಲ್ಲದಿದ್ದರೆ ಗಾಡಿ ಹತ್ತಿಸುತ್ತಿದ್ದೆನೇ? ಮಗಳನ್ನು ಮಾತ್ರ ಬಿಡಲಿಲ್ಲ.

"ನಿಮ್ಮನೇಲಿ ಯಾರ್‍ಯಾರು ಅದಾರೆ ಓಂಕಾರಪ್ಪ? ನಿಮ್ಮವ್ವ, ನಿಮ್ಮ ತಂಗಿ, ಅಣ್ಣನ ಮಕ್ಕಳು. ದಾರೀಲಿ ಗೋವಿನಕೋವೀಲಿ ನಿಮ್ಮ ನೆಂಟರು ಗಾಡಿ ನಿಲ್ಲಿಸಿ ಕುಂಕುಮ ಕೊಡ್ತಾರೆ, ಮಕ್ಕಳು ಮುತ್ಕಂತಾವೆ. ಇವಳ ಸೀರ್‍ಯಾಗೆ ಏನು ಬಂದೈತೋ ನನಗೆ ಗೊತ್ತಿಲ್ಲ. ಏನೂ ಇಲ್ದಿದ್ರೆ ಹತ್ತು ದಿನ ಆದ್ಮೇಲೆ ನಾನೇ ನಿಮ್ಮ ಕಾಲಿಗೆ ಬಿದ್ದು ಕಳಿಸ್ತೀನಿ. ಇವತ್ತು ಕಳಿಸಲ್ಲ. ಬೇಕಾದ್ರೆ ನನ್ನ ಮ್ಯಾಲೆ ಗಾಡಿ ಹರಿಸ್ಕಂಡು ಕರ್ಕಂಡು ಹೋಗ್ರಿ."

ಓಂಕಾರಪ್ಪ ಎತ್ತುಗಳ ಕೊರಳು ಬಿಚ್ಚಿದ. ನ್ಯಾಮತಿಗೆ ತಿರುಗಿ ಹೋಗಲಿಲ್ಲ. ಗೆರೆಯಿಂದ ಅಷ್ಟು ದೂರದಲ್ಲಿ ಗಾಡಿಯನ್ನು ಮರಕ್ಕೆ ಒರಗಿಸಿ ಅದರ ಕೆಳಗೇ ಉಳಿದ.

ಚೌಡಮ್ಮ ಒಂದು ಇಡೀ ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮರುದಿನ ತಾನಾಗಿ ಬಂದು ತೊಡೆಯ ಮೇಲೆ ತಲೆಯಿಟ್ಟು, "ತಲೆ ಬಾಚವ್ವ" ಎಂದಳು. ಉಚ್ಚಂಗೆಮ್ಮ ಬಾಚಿದಳು. ಹಣೆ ಮುಟ್ಟಿದಾಗ ಬಿಸಿ ತಗಲಿತು. ಬಿಸಿಲಿಗೆ ಇರಬೇಕು ಎಂದುಕೊಂಡಳು. ಸಂಜೆಗೆ ಅದು ಬಿಸಿಲಲ್ಲ ಎಂದು ತಿಳಿಯಿತು. ರಾತ್ರಿ ಕಳೆದು ಬೆಳಗಾದಾಗ ತೊಡೆಯ ಸಂದಿಯಲ್ಲಿ ಪ್ಲೇಗಿನ ಗೆಡ್ಡೆ ಎದ್ದಿತ್ತು. ಚಿತ್ತಪ್ಪ ಗೆರೆ ದಾಟಿ ಬಂದು ನೋಡಿದ. ಅವನ ಮುಖ ನೋಡಿದ ಮೇಲೆ ಉಚ್ಚಂಗೆಮ್ಮ ಒದ್ದೆ ಬಟ್ಟೆ ಹಿಂಡಿ ಮಗಳ ಹಣೆಗೆ ಹಾಕಿದಳು.

ಆ ಜ್ವರದಲ್ಲೇ ನೋವು ಶುರುವಾಯಿತು. ಉಚ್ಚಂಗೆಮ್ಮ ಯಾರನ್ನೂ ಕರೆಯಲಿಲ್ಲ. ಯಾವ ಬಾಯಲ್ಲಿ ಕರೆದಾಳು? ಆದರೆ ಸೂಲಗಿತ್ತಿ ಹೊನ್ನೂರಮ್ಮ ಕೂಗು ಕೇಳಿದವಳೇ ಸೆರಗು ಸಿಕ್ಕಿಸಿಕೊಂಡು ಬಂದಳು. ನಿರ್ಮಲಮ್ಮ ಗೆರೆಯ ಹತ್ತಿರ ಅವಳನ್ನು ತಡೆದಳು, ಹೇಳಿದ ಮಾತು ಪಾಲಿಸಿದಳು. "ಒಳಗೆ ಹೋದ್ರೆ ಹತ್ತು ದಿನ ಹೊರಗೆ ಬರೋ ಹಾಗಿಲ್ಲ ಹೊನ್ನೂರಮ್ಮ."

"ಇಪ್ಪತ್ತು ದಿನ ಇರ್ತೀನಿ ತಗೀರಿ ಅತ್ಲಾಗೆ" ಎಂದು ಮುದುಕಿ ದಾಟಿ ಬಂದಳು.

ಕೂಸು ಮಧ್ಯಾಹ್ನಕ್ಕೆ ಹುಟ್ಟಿತು. ಹೆಣ್ಣು. ಹೊನ್ನೂರಮ್ಮ ತೊಳೆದು ಬಟ್ಟೆ ಸುತ್ತಿ ತೋರಿಸಿದಾಗ ಚೌಡಮ್ಮನಿಗೆ ಕಣ್ಣು ನಿಲ್ಲುತ್ತಿರಲಿಲ್ಲ. ತಾಯಿಯ ಕೈಯನ್ನು ತಡಕಿದಳು.

"ಅವ್ವಾ, ಅವತ್ತು ಗಾಡೀಲಿ ಕಳಿಸಿದ್ರೆ ನಾನು ಉಳೀತಿದ್ನಾ?"

ಸುಳ್ಳು ಹೇಳಬೇಕಾದರೂ ಯಾವುದು ಸುಳ್ಳು, ಯಾವುದು ನಿಜ ಎಂದು ಉಚ್ಚಂಗೆಮ್ಮನಿಗೆ ಗೊತ್ತಿರಲಿಲ್ಲ. "ಇಲ್ಲ ನನ್ನವ್ವಾ" ಎಂದಳು. "ಅಷ್ಟು ಹೊತ್ತಿಗೇ ಹತ್ತಿತ್ತು. ಅವರಿಗೂ ಹತ್ತಿರೋದು."

"ಹಂಗಾದ್ರೆ ಒಳ್ಳೇದಾತು ಬಿಡು" ಎಂದಳು ಚೌಡಮ್ಮ. ಆಮೇಲೆ ನೀರು ಕೇಳಿದಳು. ಒಂದು ಗುಟುಕು ಒಳಗೆ ಹೋಯಿತು, ಎರಡನೆಯದು ಕಟಬಾಯಿಂದ ಹೊರಗೆ ಬಂತು.

ಹೊನ್ನೂರಮ್ಮ ಬಾಯಿಗೆ ಸೆರಗು ತುರುಕಿಕೊಂಡು ಹುಲ್ಲು ತಡಿಕೆಯ ಕಡೆ ತಿರುಗಿದಳು. ಉಚ್ಚಂಗೆಮ್ಮ ಮಗಳ ಕಣ್ಣು ಮುಚ್ಚಿದಳು, ಕೂದಲು ಸರಿ ಮಾಡಿದಳು. ಕೂಸು ಅಳುತ್ತಿತ್ತು. ಅದನ್ನು ಎತ್ತಿಕೊಂಡು ಹೊರಗೆ ಬಂದಳು.

ಓಂಕಾರಪ್ಪ ಗೆರೆಯ ಅಂಚಿನಲ್ಲೇ ನಿಂತಿದ್ದ. ಕೂಸಿನ ದನಿ ಕೇಳಿ ಅವನ ಮುಖವೆಲ್ಲ ನಗುವಾಗಿತ್ತು. ಹಿಂದೆ ನಿರ್ಮಲಮ್ಮ, ತಿಪ್ಪೇರುದ್ರಸ್ವಾಮಿಗಳು, ಇಡೀ ಶೆಡ್ಡಿನ ಊರು.

"ಯಾವ ಕೂಸು ಅತ್ತೇ?"

"ಹೆಣ್ಣು."

"ಚೌಡಿ ಹೆಂಗದಾಳೆ?"

ಉಚ್ಚಂಗೆಮ್ಮ ಕೂಸಿಗೆ ಸುತ್ತಿದ ಬಟ್ಟೆ ಬಿಗಿ ಮಾಡಿದಳು. ಅವನು ಅವಳನ್ನೇ ನೋಡಿದ, ನಗು ಹಾಗೇ ಮುಖದ ಮೇಲೆ ಉಳಿದಿತ್ತು. ಆಮೇಲೆ ಅರ್ಥವಾಯಿತು. "ಚೌಡೀ" ಎಂದು ಕೂಗುತ್ತ ಒಂದು ಕಾಲು ಮುಂದಿಟ್ಟ.

"ದಾಟಬ್ಯಾಡ್ರಿ!"

"ಒಂದೇ ಸಲ ಮುಖ ನೋಡ್ತೀನಿ ಅತ್ತೇ. ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಹೇಂತಿ ಅವಳು!"

ಬಿಡು, ಬಿಟ್ಟುಬಿಡು ಎಂದು ಉಚ್ಚಂಗೆಮ್ಮನ ಮೈಯ ಎಲುಬು ಎಲುಬೂ ಹೇಳುತ್ತಿತ್ತು. ಇನ್ನು ಯಾರನ್ನು ಉಳಿಸುವುದಕ್ಕೆ ಈ ಗೆರೆ? ನಿರ್ಮಲಮ್ಮನೂ ತಡೆಯಲು ಕೈ ಎತ್ತಲಿಲ್ಲ. ಉಚ್ಚಂಗೆಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಅವನ ಎದುರಿಗೆ ಬಂದು ನಿಂತಳು. ಅವಳ ಕಾಲಬೆರಳುಗಳು ಸುಣ್ಣಕ್ಕೆ ತಗಲುತ್ತಿದ್ದವು.

"ಈ ಕೂಸಿಗೆ ಅವ್ವ ಇಲ್ಲ ಮಗನೇ" ಎಂದಳು. "ಅಪ್ಪನಾದ್ರೂ ಬೇಕು. ದಾಟಬ್ಯಾಡ."

ಓಂಕಾರಪ್ಪ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಹಾಗೇ ನೆಲಕ್ಕೆ ಕುಸಿದು ಕೂತು ಮೊಣಕಾಲಿಗೆ ತಲೆಯಿಟ್ಟ. ಗೆರೆಯ ಈಚೆ ಉಚ್ಚಂಗೆಮ್ಮನೂ ಕೂತಳು. ಅವನಿಗೆ ಕಾಣಲಿ ಎಂದು ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿದಳು. ಆಗ ಅವಳಿಗೂ ಅಳು ಬಂತು.